ತೋಳಿನ ಮೇಲಣ ಶಿಲುಬೆ

ಕ್ರಿ. ಶ. 1617ರಲ್ಲಿ ಮೊಗಲ ಬಾದಶಹನಾದ ಜಹಾಂಗೀರನು ಮಾಳವ ದೇಶದ ಮಾಂಡು ದುರ್ಗದಲ್ಲಿ ಬೀಡುಬಿಟ್ಟಿದ್ದನು. ಆ ಕಾಲದಲ್ಲಿ, ಆಂಗ್ಲ ದೊರೆಯ ರಾಯಭಾರಿಯಾಗಿ ಅವನ ಆಸ್ಥಾನಕ್ಕೆ ಬಂದಿದ್ದ ಸರ್ ತಾಮಸ್ ರೋ ಎಂಬವನ ಪರಿವಾರದಲ್ಲಿ ತಾಮಸ್ ಕೋರಿಯೆಟ್ ಎಂಬೊಬ್ಬ ವಿಲಕ್ಷಣ ಪುರುಷನು ಸೇರಿಕೊಂಡಿದ್ದನು. ಇವನು ಇಂಗ್ಲೆಂಡಿನ ಓಡ್‌ಕೋಂಬ್ ಎಂಬ ಹಳ್ಳಿಯವನು. 1612ರಲ್ಲಿ ತಾಯ್ನಾಡನ್ನು ಬಿಟ್ಟು ಹೊರಟು, 1614ರಲ್ಲಿ ಯೆರೂಸಲೇಮಿನ ಯಾತ್ರೆಯನ್ನು ಮುಗಿಸಿ, ಅಲೆಪ್ಪೊ ನಗರದಿಂದ ಪಾರಸೀಕ ದೇಶವನ್ನು ಹಾದು, ಬಹುಮಟ್ಟಿಗೆ ಕಾಲ್ನಡೆಯಿಂದಲೇ 1615ರಲ್ಲಿ ಅಜಮೀರಕ್ಕೆ ಬಂದವನು. ಭಾಷೆಗಳನ್ನು ಕಲಿಯುವುದರಲ್ಲಿ ಅಸಾಧಾರಣನು. ರಾಯಭಾರಿಯ ಮನೆಯಲ್ಲಿ ಮೂರು ಹೊತ್ತೂ ಕೂಗಾಡುತ್ತಿದ್ದ ಅಗಸಗಿತ್ತಿಯೊಬ್ಬಳನ್ನು ಇವನು ಒಂದು ಬೆಳಗ್ಗೆ ಅವಳದೇ ಹಿಂದುಸ್ತಾನಿ ಮಾತಿನಲ್ಲಿ ಎದುರಿಸಿ, ಎಂಟು ಗಂಟೆಯಾಗುವಷ್ಟರಲ್ಲಿ ಅವಳ ಬಾಯಿಂದ ಒಂದು ಸೊಲ್ಲೂ ಹೊರಡದಂತೆ ಮಾಡಿದನಂತೆ. ಈ ಸಂಗತಿಯನ್ನು ಬರೆದಿಟ್ಟವನು ರಾಯಭಾರಿಯ ಪಾದ್ರಿಯಾದ ಎಡ್ವರ್ಡ್ ಟೆರಿ. ಅವನ ಪ್ರವಾಸಗ್ರಂಥವು 1655ರಲ್ಲಿ ಅಚ್ಚಾಯಿತು.

ಟೆರಿಯು ಕೋರಿಯೆಟ್ಟನೊಡನೆ ಒಂದೇ ಬಿಡಾರದಲ್ಲಿದ್ದುದರಿಂದ ಅವನ ಎರಡು ಮಣಿಕಟ್ಟುಗಳನ್ನೂ ಚೆನ್ನಾಗಿ ನೋಡಿದ್ದನು. ಅವುಗಳ ಮೇಲೆ ಯೆರೂಸಲೇಮಿನಲ್ಲಿ ಚುಚ್ಚಿಸಿಕೊಂಡ ಹಚ್ಚೆಗಳಿದ್ದುವು. ಎಡಗೈಯಲ್ಲಿ ಯೆರೂಸಲೇಮಿನ ಲಾಂಛನ, ಎಂದರೆ ಒಂದು ದೊಡ್ಡ ಶಿಲುಬೆಯೂ ಅದರ ನಾಲ್ಕು ಎಡೆಗಳಲ್ಲಿ ನಾಲ್ಕು ಕಿರುಶಿಲುಬೆಗಳೂ. ಬಲಗೈಯಲ್ಲಿ ಒಂಟಿ ಶಿಲುಬೆ. ಅದರ ಕಂಬದ ಎರಡು ಪಕ್ಕಗಳಲ್ಲಿ ಒಡೆದು ಬರೆದ, ಮಾರ್ಗ, ಸತ್ಯ, ಜೀವ ಎಂಬರ್ಥದ ಮೂರು ಲ್ಯಾಟಿನ್ ಪದಗಳು. ಬುಡದಲ್ಲಿ ಯೇಸುವನ್ನು ಜಡಿದ ಮೊಳೆಗಳ ಗುರುತಾಗಿ ಮೂರು ಮೊಳೆಗಳು. ಈ ಬಡ ಸಂಚಾರಿಯು ತನ್ನ ಕೈಗಳನ್ನು ನೋಡಿಕೊಂಡು ಹೆಮ್ಮೆಪಡುತ್ತ, ಸಂತ ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ತನ್ನ ದೇಹದ ಮೇಲೆ ಯೇಸುವಿನ ಮುದ್ರೆಗಳನ್ನು ಹೊತ್ತಿರುವೆನೆಂದು ಹೇಳುವ ಮಾತನ್ನು ಆಗಾಗ ಉಚ್ಚರಿಸುತ್ತಿದ್ದನು. ಪಾದ್ರಿಗೆ ಇದು ರುಚಿಸಲಿಲ್ಲ. ಅಪೊಸ್ತಲನ ಅಭಿಪ್ರಾಯಕ್ಕೂ ಈ ಮನುಷ್ಯನು ಮಾಡುವ ಅರ್ಥಕ್ಕೂ ಬಹು ದೂರವೆಂದು ಅವನು ಒಂದು ಆವರಣವಾಕ್ಯದಲ್ಲಿ ಸೇರಿಸಿದ್ದಾನೆ.

ಕೋರಿಯೆಟ್ಟನು ಅದೇ ವರ್ಷದ ಡಿಸೆಂಬರಿನಲ್ಲಿ ಸೂರತಿನಲ್ಲಿ ತೀರಿಕೊಂಡನು. ಒಂದೇ ಬಿಡಾರದಲ್ಲಿ ಮಲಗಿ, ಒಂದೇ ದೇವರನ್ನು ಪ್ರಾರ್ಥಿಸಿ, ಒಂದೇ ಗ್ರಂಥವನ್ನು ಓದಿದ ಇಬ್ಬರು ಒಂದು ಗುರುತಿಗೆ ಎರಡು ಅರ್ಥಗಳನ್ನು ಹೇಳಿದರೆಂಬುದು ವಿಚಾರಕ್ಕೆ ಯೋಗ್ಯವಾದ ವಿಷಯ. ಯಾವ ಶಿಲುಬೆಯನ್ನು ಮೈಮೇಲೆ ಬರೆಸಿಕೊಳ್ಳಬೇಕು, ಬರೆಸಿಕೊಂಡುದಕ್ಕೆ ಅರ್ಥವೇನು ಎಂಬ ಪ್ರಶ್ನೆಗೆ ಸಾವಿರದೈನೂರು ವರ್ಷಗಳ ಇತಿಹಾಸವುಂಟು. ಆ ಇತಿಹಾಸದಲ್ಲಿ ಎಲ್ಲಿಯೂ ಒಂದೇ ಉತ್ತರವಿಲ್ಲ.

ಮೊದಲು ಪದಗಳನ್ನು ನೋಡಬಹುದು. ಕನ್ನಡದ ಹಚ್ಚೆಯೆಂಬುದು ಪಚ್ಚೆಯೆಂಬುದರ ರೂಪಾಂತರ; ಚರ್ಮದೊಳಗೆ ಸೇರಿದ ಮಸಿಯು ಹಸುರು ಬಣ್ಣವಾಗಿ ತೋರುವುದರಿಂದ ಆ ಹೆಸರು. ಶಿಲುಬೆಯೆಂಬುದು ಸಿರಿಯಾಕ್ ಭಾಷೆಯ ಸ್ಲೀವಾ ಎಂಬುದರಿಂದ ಹುಟ್ಟಿದ್ದು. ತಮಿಳಿನಲ್ಲಿ ಅದು ಸಿಲುವೈ ಆಯಿತು. ಪಶ್ಚಿಮ ಸಮುದ್ರತೀರಕ್ಕೆ ಪೋರ್ಚುಗೀಜರು ಬರುವುದಕ್ಕೆ ಎಷ್ಟೋ ಮೊದಲೇ ಸಿರಿಯಾಕ್ ಭಾಷೆಯಲ್ಲಿ ಪೂಜೆಮಾಡುವ ಕ್ರೈಸ್ತರು ಕೇರಳದಲ್ಲಿದ್ದರೆಂಬುದನ್ನು ಆ ಪದವು ಈಗಲೂ ನೆನಪಿಗೆ ತರುತ್ತದೆ. ಪೌಲನು ತನ್ನ ಮೈಮೇಲಣ ಗುರುತುಗಳಿಗೆ ಬಳಸಿದ ಗ್ರೀಕ್ ಪದ ಸ್ಟಿಗ್ಮಾ. ಅದು ಚುಚ್ಚುವುದು ಎಂಬರ್ಥದ ಧಾತುವಿನಿಂದ ಬಂದುದು. ಓಡಿಹೋಗಿ ಸಿಕ್ಕಿಬಿದ್ದ ಗುಲಾಮನ ಹಣೆಯ ಮೇಲೆ ಒಡೆಯನು ಚುಚ್ಚಿಸುತ್ತಿದ್ದ ಅಕ್ಷರಗಳಿಗೆ ಆ ಹೆಸರಿದ್ದಿತು. ಸಂಸ್ಕೃತದಲ್ಲಿ ಲಾಂಛನ ಶಬ್ದಕ್ಕೂ ಇಂತಹುದೇ ಎರಡು ಮುಖ. ಚಾಲುಕ್ಯರ ವರಾಹವೂ ಲಾಂಛನವೇ, ಚಂದ್ರನೊಳಗಣ ಕಪ್ಪೂ ಲಾಂಛನವೇ. ಕೀರ್ತಿಯ ಚಿಹ್ನೆಗೂ ಕಳಂಕಕ್ಕೂ ಒಂದೇ ಮಾತು ಸಲ್ಲುವುದೆಂಬುದನ್ನು ಶಿಲುಬೆಯ ಹಚ್ಚೆಯ ಚರಿತ್ರೆಯಲ್ಲಿ ಹೆಜ್ಜೆಹೆಜ್ಜೆಗೂ ಕಾಣಬಹುದು. ಶಿಲುಬೆಯಾದರೂ ಮೊದಲಿಗೆ ಏನು? ರೋಮನರು ಗುಲಾಮರನ್ನೂ ದಂಗೆಕೋರರನ್ನೂ ಕೊಲ್ಲುತ್ತಿದ್ದ ಮರ, ಪೂಜ್ಯವಾದುದು ಆಮೇಲೆ.

ಗುಲಾಮರಿಗೂ ಅಪರಾಧಿಗಳಿಗೂ ಮೈಮೇಲೆ ಗುರುತು ಹಾಕುವ ಪದ್ಧತಿಯು ರೋಮಿನಲ್ಲಿ ಸಾಮಾನ್ಯವಾಗಿದ್ದಿತು. ಕ್ರೈಸ್ತ ಮತಕ್ಕೆ ಆಶ್ರಯವಿತ್ತ ಚಕ್ರವರ್ತಿ ಕಾನ್‌ಸ್ಟಂಟೈನನು 4ನೆಯ ಶತಮಾನದ ಎರಡನೆಯ ದಶಕದಲ್ಲಿ ಒಂದು ಶಾಸನವನ್ನು ಹೊರಡಿಸಿ, ಮುಖವು ದಿವ್ಯ ಸೌಂದರ್ಯದ ಪ್ರತಿಬಿಂಬವಾದುದರಿಂದ ಗಣಿಗಳ ದುಡಿಮೆಗೆ ಗುರಿಯಾದ ಅಪರಾಧಿಗಳ ಮುಖದ ಮೇಲೆ ಗುರುತು ಹಾಕಕೂಡದೆಂದೂ, ಕೈಗಳ ಮೇಲೆಯೂ ಮೀನಖಂಡದ ಮೇಲೆಯೂ ಹಾಕಬಹುದೆಂದೂ ವಿಧಿಸಿದನು. ದಯೆಯೂ ಎಷ್ಟು ಅಳೆದು ಬರುವುದೆಂಬುದಕ್ಕೆ ಇದು ನಿದರ್ಶನ. ಇದಾದ ಎರಡು ಶತಮಾನಗಳ ಮೇಲೆ ಗಾಜಾ ಪಟ್ಟಣದ ಪ್ರೊಕೋಪಿಯಸ್ ಎಂಬ ವಿದ್ವಾಂಸನು, ಪ್ರವಾದಿಯಾದ ಯೆಶಾಯನ ಗ್ರಂಥಕ್ಕೆ ವ್ಯಾಖ್ಯಾನವನ್ನು ಬರೆಯುತ್ತ, ಕ್ರೈಸ್ತರಲ್ಲಿ ಅನೇಕರು ಮಣಿಕಟ್ಟಿನ ಮೇಲೆಯೋ ತೋಳಿನ ಮೇಲೆಯೋ ಶಿಲುಬೆಯನ್ನಾಗಲಿ ಕ್ರಿಸ್ತನ ನಾಮವನ್ನಾಗಲಿ ಗುರುತುಹಾಕಿಸಿಕೊಳ್ಳುವರೆಂದು ಹೇಳುತ್ತಾನೆ. ಒಡೆಯನು ಬಲಾತ್ಕಾರದಿಂದ ಚುಚ್ಚಿಸುತ್ತಿದ್ದ ಸ್ಥಳದಲ್ಲಿಯೇ ಭಕ್ತನು ಸ್ವಸಂತೋಷದಿಂದ ಚುಚ್ಚಿಸಿಕೊಂಡನು; ತಾನು ಯಾರ ದಾಸನೆಂಬುದನ್ನು ತಾನೇ ಆರಿಸಿಕೊಂಡನು ಎಂದು ಇದನ್ನು ತಿಳಿಯಬೇಕಾಗುವುದು.

ಇದಕ್ಕೆ ಧರ್ಮಶಾಸ್ತ್ರದ ಅಡ್ಡಿಯಿಲ್ಲದಿರಲಿಲ್ಲ. ಮೈಮೇಲೆ ಗುರುತುಗಳನ್ನು ಚುಚ್ಚಿಸಿಕೊಳ್ಳಬಾರದೆಂದು ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಸ್ಪಷ್ಟವಾದ ನಿಷೇಧವಿದೆ. 787ರಲ್ಲಿ ಇಂಗ್ಲೆಂಡಿನಲ್ಲಿ ಪೋಪನ ದೂತರ ಎದುರಿನಲ್ಲಿ ನಡೆದ ಮತಸಭೆಯೊಂದು ಈ ವಿಷಯವನ್ನು ಚರ್ಚಿಸಿ ಒಂದು ಜಾಣತನದ ತೀರ್ಪನ್ನು ಕೊಟ್ಟಿತು. ದೇವರಿಗಾಗಿ ಈ ನೋವನ್ನು ಸಹಿಸಿದವನಿಗೆ ಫಲವುಂಟು. ಅನ್ಯಮತದ ಮೂಢನಂಬಿಕೆಯಿಂದ ಮಾಡಿಸಿಕೊಂಡವನಿಗೆ ಏನೂ ಇಲ್ಲ. ಎಂದರೆ ದೋಷವಾಗಲಿ ಗುಣವಾಗಲಿ ಗೆರೆಯಲ್ಲಿಲ್ಲ, ಸಂಕಲ್ಪದಲ್ಲಿದೆ ಎಂದಾಯಿತು. ಸಂಕಲ್ಪವಿಲ್ಲದೆ ಕರ್ಮವಿಲ್ಲವೆಂದು ಬಲ್ಲ ಈ ದೇಶದ ವೈದಿಕರಿಗೆ ಆ ತೀರ್ಪು ಹೊಸದೆನಿಸಲಾರದು.

ಆದರೆ ಸಂಕಲ್ಪವು ಯಾರದು ಎಂಬ ಪ್ರಶ್ನೆಯು ಉಳಿಯುತ್ತದೆ. ಏಳನೆಯ ಶತಮಾನದ ಗ್ರೀಕ್ ಇತಿಹಾಸಕಾರನಾದ ಥಿಯೋಫಿಲಾಕ್ಟ್ ಸಿಮೋಕಾಟನು ಒಂದು ಆಶ್ಚರ್ಯಕರವಾದ ಸಂಗತಿಯನ್ನು ಹೇಳುತ್ತಾನೆ. 591ರಲ್ಲಿ ಪಾರಸೀಕ ಸಿಂಹಾಸನಕ್ಕಾಗಿ ನಡೆದ ಯುದ್ಧದಲ್ಲಿ ಸೆರೆಸಿಕ್ಕಿದ ಕೆಲವು ತುರ್ಕಿ ಯೋಧರನ್ನು ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಮಾರಿಸನ ಬಳಿಗೆ ಕಳುಹಿಸಿದರು. ಅವರು ಕ್ರೈಸ್ತರಲ್ಲ; ಆದರೂ ಅವರ ಹಣೆಗಳ ಮೇಲೆ ಕಪ್ಪಾದ ಶಿಲುಬೆಯ ಹಚ್ಚೆಯಿದ್ದಿತು. ಕಾರಣವನ್ನು ಕೇಳಲಾಗಿ, ತಮ್ಮ ಬಾಲ್ಯದಲ್ಲಿ ತಮ್ಮ ನಾಡಿನಲ್ಲಿ ಮಹಾಮಾರಿ ಬಂದಿತೆಂದೂ, ಅಲ್ಲಿದ್ದ ಕೆಲವರು ಕ್ರೈಸ್ತರು ಮಕ್ಕಳ ಹಣೆಗೆ ಈ ಗುರುತನ್ನು ಚುಚ್ಚಿಸಿರೆಂದು ಹೇಳಲು ತಮ್ಮ ತಾಯಂದಿರು ಹಾಗೆಯೇ ಮಾಡಿದರೆಂದೂ, ತಾವು ಬದುಕಿ ಉಳಿದೆವೆಂದೂ ಅವರು ಹೇಳಿದರಂತೆ. ಈ ಯೋಧರಿಗೆ ಕಲ್ವಾರಿಯ ಬೆಟ್ಟದ ಕಥೆಯಾಗಲಿ, ಮೂರು ಮೊಳೆಗಳಾಗಲಿ ಗೊತ್ತಿರಲಿಲ್ಲ. ಎರಡು ಗೆರೆಗಳು ಒಂದನ್ನೊಂದು ಹಾಯುವ ಆ ಆಕಾರದಲ್ಲಿ ಅವರಿಗೆ ಕಂಡಿದ್ದುದು ತಾಯಿಯ ಭಯ ಮತ್ತು ತಾವು ಉಳಿದ ಭಾಗ್ಯ. ಅರ್ಥವು ಇಷ್ಟೇ ಆದರೂ ಅದನ್ನು ಅರ್ಥವಲ್ಲವೆನ್ನಲಾಗದು.

ಹಚ್ಚೆಯ ಶಿಲುಬೆಯಲ್ಲಿ ನಿಜವಾದ ಆಯ್ಕೆಯೆಂಬುದು ಕಾಣಬರುವುದು ಯೆರೂಸಲೇಮಿನ ಯಾತ್ರಿಕರಲ್ಲಿ. ಇದಕ್ಕೆ ಪ್ರತ್ಯಕ್ಷಸಾಕ್ಷಿಯಾಗಿ ಅಲೆಪ್ಪೊವಿನ ಆಂಗ್ಲ ವರ್ತಕರ ಪಾದ್ರಿಯಾದ ಹೆನ್ರಿ ಮಾಂಡ್ರೆಲ್ಲನು 1697ರ ಈಸ್ಟರ್ ಹಬ್ಬದಲ್ಲಿ ಕಂಡುದನ್ನು ಬಹು ವಿವರವಾಗಿ ಬರೆದಿರುವನು. ಹಚ್ಚೆಗಾರರ ಬಳಿಯಲ್ಲಿ ಬೇಕಾದ ಆಕೃತಿಯ ಮರದ ಅಚ್ಚುಗಳಿರುತ್ತಿದ್ದುವು. ಯಾತ್ರಿಕನು ಆರಿಸಿದ ಅಚ್ಚನ್ನು ಇದ್ದಲಪುಡಿಯಲ್ಲಿ ಅದ್ದಿ ತೋಳಿನ ಮೇಲೆ ಒತ್ತುವರು. ಬಳಿಕ ಒಟ್ಟಿಗೆ ಕಟ್ಟಿದ ಎರಡು ನವುರಾದ ಸೂಜಿಗಳನ್ನು, ಲೇಖನಿಯನ್ನು ಅದ್ದುವಂತೆ, ಕೋವಿಯ ಮದ್ದನ್ನೂ ಎತ್ತಿನ ಪಿತ್ತವನ್ನೂ ಕೂಡಿಸಿ ಮಾಡಿದ ಮಸಿಯಲ್ಲಿ ಪದೇ ಪದೇ ಅದ್ದುತ್ತ, ಮೂಡಿದ ಗೆರೆಗಳ ಉದ್ದಕ್ಕೂ ಚುಚ್ಚುತ್ತ ಹೋಗುವರು. ಕೊನೆಗೆ ದ್ರಾಕ್ಷಾರಸದಿಂದ ತೊಳೆಯುವರು. ಕೈಚಳಕವು ಎಷ್ಟೆಂದರೆ ನೋವು ಅಲ್ಪ, ರಕ್ತ ಬರುವುದೂ ಅಪೂರ್ವ. ಇದಕ್ಕೆ ಮೂವತ್ತೊಂಬತ್ತು ವರ್ಷಗಳ ಹಿಂದೆ, 1658ರ ಏಪ್ರಿಲ್ ತಿಂಗಳಲ್ಲಿ, ಫ್ರೆಂಚ್ ಸಂಚಾರಿ ತೇವೆನೊ ಎಂಬವನು ಒಂದು ದಿನವನ್ನೆಲ್ಲ ಇದೇ ಕೆಲಸಕ್ಕೆ ಕೊಟ್ಟು ಬೇತ್ಲೆಹೇಮಿನ ಕ್ರೈಸ್ತರಿಂದ ತೋಳುಗಳನ್ನು ಚುಚ್ಚಿಸಿಕೊಂಡಿದ್ದನು. ಎರಡು ವರ್ಣನೆಗಳಿಗೂ ಹೆಚ್ಚು ವ್ಯತ್ಯಾಸವಿಲ್ಲ. ಸೀರೆಗೆ ಅಚ್ಚೊತ್ತುವವನ ಮನೆಯನ್ನು ಕಂಡವರಿಗೆ ಆ ಅಂಗಡಿಯ ಚಿತ್ರವು ಸುಲಭವಾಗಿ ಮನಸ್ಸಿಗೆ ಬರುವುದು. ಬಟ್ಟೆಯ ಬದಲು ಚರ್ಮ, ಅಷ್ಟೇ.

ಕನ್ನಡ ನಾಡಿನಲ್ಲಿ ಆಷಾಢ ಶುದ್ಧ ಏಕಾದಶಿಯಂದು ಮಾಧ್ವ ಮಠಗಳಲ್ಲಿ ಶಂಖಚಕ್ರಗಳ ಲೋಹಮುದ್ರೆಗಳನ್ನು ಹೋಮಾಗ್ನಿಯಲ್ಲಿ ಕಾಯಿಸಿ ಭುಜಗಳಿಗೆ ಒತ್ತಿಸಿಕೊಳ್ಳುವ ತಪ್ತಮುದ್ರಾಧಾರಣೆಯು ವಾಚಕರಿಗೆ ಪರಿಚಿತವೇ ಆಗಿದೆ. ಶ್ರೀವೈಷ್ಣವರ ಪಂಚಸಂಸ್ಕಾರಗಳಲ್ಲಿ ಮೊದಲನೆಯದಾದ ತಾಪವೂ ಇಂತಹುದೇ. ಆದರೆ ಅಲ್ಲಿ ಆಯ್ಕೆಗೆ ಎಡೆಯಿಲ್ಲ: ಬಲಕ್ಕೆ ಚಕ್ರ, ಎಡಕ್ಕೆ ಶಂಖ, ಒತ್ತುವವರು ಗುರುಗಳು. ಯೆರೂಸಲೇಮಿನ ಅಂಗಡಿಯಲ್ಲಾದರೋ ಒತ್ತುವವನು ಕೂಲಿ ತೆಗೆದುಕೊಳ್ಳುವ ಕಸಬುದಾರ, ಆರಿಸುವವನು ಯಾತ್ರಿಕ. ಗುರುವಿಲ್ಲದೆಡೆಯಲ್ಲಿ ಅರ್ಥವನ್ನು ಹೇಳುವವರಾರು? ಯಾತ್ರಿಕನು ತನ್ನ ಮತಪಂಗಡ, ತನ್ನ ಊರು, ತನ್ನ ಕಿಸೆ, ತನ್ನ ಧೈರ್ಯ ಇವುಗಳಿಗೆ ತಕ್ಕಂತೆ ಆರಿಸಿಕೊಳ್ಳುತ್ತಿದ್ದನು.

ಅಚ್ಚುಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದುದು ಕೋರಿಯೆಟ್ಟನ ಎಡಗೈಯಲ್ಲಿದ್ದ ಐದು ಶಿಲುಬೆಗಳ ಲಾಂಛನ. ಅದರ ನಡುವಣ ಶಿಲುಬೆಯ ನಾಲ್ಕು ತೋಳುಗಳೂ ಸಮ. ಪ್ರತಿಯೊಂದು ತೋಳಿನ ತುದಿಗೂ ಊರುಗೋಲಿನ ಹಿಡಿಯಂತೆ ಒಂದು ಅಡ್ಡಪಟ್ಟಿ. ಐದು ಶಿಲುಬೆಗಳೆಂದರೆ ಯೇಸುವಿನ ಐದು ಗಾಯಗಳೆಂದು ಕೆಲವರು. ನಡುವಣದು ಕ್ರಿಸ್ತನು, ಸುತ್ತಣ ನಾಲ್ಕು ಸುವಾರ್ತೆಗಳನ್ನು ಬರೆದ ನಾಲ್ವರೆಂದು ಕೆಲವರು. ನಾಲ್ಕು ದಿಕ್ಕುಗಳಿಗೂ ಮತವು ಹಬ್ಬಲೆಂಬ ಆಶಯವೆಂದು ಮತ್ತೆ ಕೆಲವರು. ಆದರೆ ಇತಿಹಾಸದಲ್ಲಿ ಅದು ಒಂದು ರಾಜ್ಯದ ಲಾಂಛನ. 1099ರಲ್ಲಿ ಯೂರೋಪಿನ ಶಿಲುಬೆಯೋಧರು ಯೆರೂಸಲೇಮನ್ನು ಹಿಡಿದು, ಊರಿನ ನಿವಾಸಿಗಳನ್ನು ಸಂಹಾರಮಾಡಿ ಕಟ್ಟಿದ ರಾಜ್ಯವು ಅದನ್ನು ಧರಿಸಿತ್ತು. 1187ರಲ್ಲಿ ಸಲಾದಿನನು ನಗರವನ್ನು ಮರಳಿ ಪಡೆದನು. ರಾಜ್ಯವು ಅಳಿದರೂ ಅದರ ಲಾಂಛನವು ಉಳಿಯಿತು. ಪವಿತ್ರ ಸ್ಥಳಗಳನ್ನು ಕಾಯುವ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಅದನ್ನು ತಮ್ಮದಾಗಿ ಮಾಡಿಕೊಂಡರು. ಹೀಗೆ ಖಡ್ಗದ ಗುರುತಾಗಿದ್ದುದು ಕಾಲಕ್ರಮದಲ್ಲಿ ಯಾತ್ರಿಕನ ಗುರುತಾಯಿತು. ಆ ಐದು ಶಿಲುಬೆಗಳನ್ನು ತೋಳಿನ ಮೇಲೆ ಬರೆಸಿಕೊಂಡ ಎಷ್ಟು ಮಂದಿಗೆ 1099ರ ಸ್ಮರಣೆಯಿದ್ದೀತು? ಐದು ಗಾಯಗಳ ಅರ್ಥವು ಸುಳ್ಳಲ್ಲ. ಆದರೆ ಅದೊಂದೇ ಅರ್ಥವೆಂದು ನಂಬುವುದು ಅಜ್ಞಾನವಾದೀತು.

ಇತರ ಆಕೃತಿಗಳ ವಿಷಯವನ್ನು ಬೇಗ ಹೇಳಿಬಿಡಬಹುದು. ಕೆಳಗಣ ಕಾಲು ಉದ್ದವಾದುದು ಲ್ಯಾಟಿನ್ ಶಿಲುಬೆ, ಅದು ಮರಣದ ಮರದ ರೂಪ. ನಾಲ್ಕು ತೋಳುಗಳೂ ಸಮವಾದುದು ಗ್ರೀಕ್ ಶಿಲುಬೆ. ಗ್ರೀಕರ ತೌ ಎಂಬ ಅಕ್ಷರದಂತೆ ಮೇಲಣ ತುದಿಯಿಲ್ಲದುದು ಒಂದು. ಅಸೀಸಿಯ ಸಂತ ಫ್ರಾನ್ಸಿಸನು ಅದನ್ನೇ ತನ್ನ ರುಜುವಾಗಿ ಬರೆಯುತ್ತಿದ್ದನು. ಓರೆಯಾಗಿ ನಿಂತುದು ಸಂತ ಅಂದ್ರೆಯನದು. ಇಥಿಯೋಪಿಯದವರದು ಬಳ್ಳಿ ಹೆಣೆದಂತೆ ಅತಿ ಜಟಿಲವಾದುದು. ಯೆರೂಸಲೇಮಿನ ಅಚ್ಚುಗಳಲ್ಲಿ ಶಿಲುಬೆಯೊಡನೆ ಸಮಾಧಿಯಿಂದೇಳುವ ಕ್ರಿಸ್ತನೂ, ಮಗುವನ್ನೆತ್ತಿದ ಮರಿಯಮ್ಮನೂ, ಘಟಸರ್ಪವನ್ನು ಇರಿಯುವ ಸಂತ ಜಾರ್ಜನೂ ಇದ್ದರು. ಪೂರ್ವದೇಶಗಳ ಯಾತ್ರಿಕರಿಗೆ ಚಿತ್ರಕ್ಕಿಂತಲೂ ಅದರ ಕೆಳಗೆ ಬರೆಯಿಸುವ ಇಸವಿಯು ಮುಖ್ಯವಾಗಿತ್ತು. ಆರ್ಮೇನಿಯದವರಲ್ಲಿ ಯೆರೂಸಲೇಮಿಗೆ ಹೋಗಿಬಂದವನಿಗೆ ಮಹ್ದೆಸಿ ಎಂಬ ಬಿರುದು ಸಲ್ಲುತ್ತಿತ್ತು, ಮುಸಲ್ಮಾನರಲ್ಲಿ ಹಾಜಿಯೆಂಬಂತೆ. ಊರಿನಲ್ಲಿ ಆ ಬಿರುದಿಗೆ ಸಾಕ್ಷಿ ತೋಳಿನ ಮೇಲಣ ಇಸವಿ. ಕಾಶಿಗೆ ಹೋದವನು ಗಂಗೆಯ ತಂಬಿಗೆಯನ್ನು ತರುತ್ತಾನೆ, ತಂಬಿಗೆ ಕಳೆಯಬಹುದು, ತೋಳು ಕಳೆಯುವುದಿಲ್ಲ.

ಕಳೆಯದೆಂಬುದೇ ಕೆಲವರಿಗೆ ಭಯಕ್ಕೆ ಕಾರಣವಾಯಿತು. 1596ರಲ್ಲಿ ಫೈನ್ಸ್ ಮಾರಿಸನ್ ಎಂಬ ಆಂಗ್ಲೇಯನು ತನ್ನ ತಮ್ಮನೊಡನೆ ಯಾತ್ರೆಗೆ ಹೋಗಿದ್ದನು. ಇಬ್ಬರೂ ಪ್ರಾಟೆಸ್ಟಂಟರು, ಸುತ್ತಲಿದ್ದ ಯಾತ್ರಿಕರು ಕ್ಯಾಥೊಲಿಕರು. ಬೇತ್ಲೆಹೇಮಿನಲ್ಲಿ ಸಂಗಡಿಗರೆಲ್ಲ ತೋಳುಗಳ ಮೇಲೆ ಶಿಲುಬೆಯನ್ನು ಚುಚ್ಚಿಸಿಕೊಂಡಾಗ ಈ ಸೋದರರು ಉಪಾಯವಾಗಿ ಹಿಂಜರಿದರು. ತಾವು ಊರಿಗೆ ಮರಳುವಾಗ ಹಲವು ರಾಜ್ಯಗಳನ್ನು ದಾಟಬೇಕಾಗಿರುವುದರಿಂದ ಗುರುತು ಸಿಕ್ಕುವಂತಹ ಚಿಹ್ನೆಯನ್ನು ಹೊರುವ ಧೈರ್ಯವಿಲ್ಲವೆಂದು ಅವರು ನೆಪ ಹೇಳಿದರು. ಇದು ಹೇಡಿತನವೆಂದು ತೋರಬಹುದು. ಆದರೆ ಹದಿನಾರು ವರ್ಷಗಳ ತರುವಾಯ ಅದೇ ಸೂಜಿಗೆ ತೋಳನ್ನು ಒಡ್ಡಿದವನೊಬ್ಬನ ಕಥೆಯನ್ನು ಓದಿದರೆ ಆ ಎಣಿಕೆಯ ಬೆಲೆ ತಿಳಿದೀತು.

ಅವನು ಸ್ಕಾಟ್ಲೆಂಡಿನ ವಿಲಿಯಂ ಲಿಥ್‌ಗೋ. 1612ರ ಈಸ್ಟರಿನಲ್ಲಿ ಬೇತ್ಲೆಹೇಮಿನ ಎಲಿಯಾಸ್ ಎಂಬ ಕ್ರೈಸ್ತನಿಂದ ಯೇಸುವಿನ ನಾಮವನ್ನೂ ಶಿಲುಬೆಯನ್ನೂ ಚುಚ್ಚಿಸಿಕೊಂಡನು. ಅಷ್ಟಕ್ಕೇ ತೃಪ್ತನಾಗದೆ, ತನ್ನ ದೊರೆಯಾದ ಜೇಮ್ಸನ ಕಿರೀಟವನ್ನೂ, ಆ ದೊರೆ ಚಿರಾಯುವಾಗಲೆಂಬ ಲ್ಯಾಟಿನ್ ವಾಕ್ಯವನ್ನೂ ಅದರ ಕೆಳಗೆ ಬರೆಸಿಕೊಂಡನು. ಜೇಮ್ಸನು ಪ್ರಾಟೆಸ್ಟಂಟ್ ದೊರೆ. ಸಂನ್ಯಾಸಿಗಳ ಮಠಾಧಿಪತಿಗೆ ಇದು ತಿಳಿದು ಕೋಪ ಬಂದಿತು. ಆದರೆ ಆಗ ಮಾಡುವುದೇನಿದೆ, ಮಸಿಯು ಚರ್ಮದೊಳಗೆ ಸೇರಿಯಾಗಿತ್ತು. ಎಂಟು ವರ್ಷಗಳ ಮೇಲೆ, 1620ರಲ್ಲಿ, ಲಿಥ್‌ಗೋ ಸ್ಪೇನಿನ ಮಾಲಗಾ ಪಟ್ಟಣದಲ್ಲಿ ಗೂಢಚಾರನೆಂಬ ಸಂಶಯದಿಂದ ಸೆರೆಸಿಕ್ಕಿದನು. ಹಗ್ಗಗಳಿಂದ ಬಿಗಿದು ಹಿಂಸಿಸುವ ಸಮಯದಲ್ಲಿ ತೋಳಿನ ಮೇಲಣ ಕಿರೀಟವು ಅಧಿಕಾರಿಯ ಕಣ್ಣಿಗೆ ಬಿದ್ದಿತು. ಪಾಷಂಡಿ ದೊರೆಯ ಆ ಗುರುತನ್ನು ಹರಿದುಹಾಕುವಂತೆ ಆಜ್ಞೆಯಾಯಿತು. ಹಗ್ಗವು ಮಾಂಸವನ್ನು ಕೊಯ್ದು ನರಗಳವರೆಗೆ ಇಳಿಯಿತು. ಮೇಲೆ ಶಿಲುಬೆಯಿದ್ದಿತು, ಯೇಸುವಿನ ನಾಮವಿದ್ದಿತು. ಹಿಂಸಿಸಿದವರು ಶಿಲುಬೆಯನ್ನು ಪೂಜಿಸುವವರೇ. ಆದರೂ ಅವರು ಓದಿದುದು ಶಿಲುಬೆಯನ್ನಲ್ಲ, ಅದರ ಕೆಳಗಣ ಕಿರೀಟವನ್ನು. ಆಂಗ್ಲ ಪ್ರತಿನಿಧಿಗಳ ಪ್ರಯತ್ನದಿಂದ ಬಿಡುಗಡೆಯಾಗಿ 1621ರಲ್ಲಿ ಅವನು ಇಂಗ್ಲೆಂಡನ್ನು ಸೇರಿದಾಗ, ನಡೆಯಲಾರದೆ ಹಾಸಿಗೆಯ ಮೇಲೆಯೇ ದೊರೆಯ ಮುಂದಕ್ಕೆ ಹೊತ್ತು ತರಬೇಕಾಯಿತು.

ಲಿಥ್‌ಗೋವಿನ ಕಥೆಯಿಂದ ಒಂದು ವಿಷಯವು ವಿಶದವಾಗುವುದು. ಚುಚ್ಚಿಸಿಕೊಳ್ಳುವವನು ಚಿತ್ರವನ್ನು ಆರಿಸಬಲ್ಲನು. ಅದನ್ನು ಓದುವವರನ್ನು ಆರಿಸಲಾರನು. ದೂರದೇಶದಿಂದ ಬಂದುಹೋಗುವ ಯಾತ್ರಿಕನಿಗೆ ಈ ಅಪಾಯವು ದಾರಿಯಲ್ಲಿ ಮಾತ್ರ. ಅನ್ಯಮತದವರ ಆಳ್ವಿಕೆಯಲ್ಲಿ, ತಲೆತಲಾಂತರಗಳಿಂದ ಒಂದೇ ಊರಿನಲ್ಲಿ ಇದ್ದುಕೊಂಡು ಈ ಗುರುತನ್ನು ಹೊತ್ತವರ ಪಾಡು ಬೇರೆ.

ಅಂತಹವರಲ್ಲಿ ಮೊದಲು ಹೇಳಬೇಕಾದವರು ಈಜಿಪ್ಟಿನ ಕಾಪ್ಟ್ ಕ್ರೈಸ್ತರು. ಎಂಟನೆಯ ಶತಮಾನದ ಆದಿಯಲ್ಲಿ ಅಲ್ಲಿಯ ಅರಬ್ ಅಧಿಕಾರಿಗಳು ತೆರಿಗೆಯ ಲೆಕ್ಕಕ್ಕಾಗಿ ಕ್ರೈಸ್ತ ಸಂನ್ಯಾಸಿಗಳ ಕೈಗಳಿಗೆ ಮುದ್ರೆಯೊತ್ತಿಸಿದರೆಂದು ಕಾಪ್ಟರ ಧರ್ಮಗುರುಗಳ ಚರಿತ್ರೆಯು ಹೇಳುತ್ತದೆ. ಮುದ್ರೆಯಿಲ್ಲದೆ ಸಿಕ್ಕಿದವನಿಗೆ ಕ್ರೂರ ಶಿಕ್ಷೆ. ಬಲಾತ್ಕಾರದ ಈ ಮುದ್ರೆಗೂ ಇಂದು ಕಾಪ್ಟರು ಬಲಗೈಯ ಮಣಿಕಟ್ಟಿನ ಒಳಮಗ್ಗುಲಲ್ಲಿ ಚುಚ್ಚಿಸಿಕೊಳ್ಳುವ ಚಿಕ್ಕ ಶಿಲುಬೆಗೂ ನೇರವಾದ ಸಂಬಂಧವನ್ನು ಕಲ್ಪಿಸುವುದು ಅವಸರವಾದೀತು. ಪ್ರೊಕೋಪಿಯಸನ ಮಾತಿನಿಂದ ಹಚ್ಚೆಯ ಶಿಲುಬೆಯು ಅದಕ್ಕಿಂತ ಹಳೆಯದೆಂದು ಸಿದ್ಧವಾಗಿದೆ. ಆದರೆ ಕೈಯೆಂಬುದು ದೊರೆತನದ ದಫ್ತರವೂ ಭಕ್ತನ ದಫ್ತರವೂ ಆಗಿದ್ದ ದೇಶವದು ಎಂಬುದನ್ನು ಮರೆಯಲಾಗದು. ಕಾಪ್ಟರ ಶಿಲುಬೆಯಲ್ಲಿ ಅಲಂಕಾರವಿಲ್ಲ. ಅರ್ಧ ಅಂಗುಲದಷ್ಟು ಸಮತೋಳಿನ ಗುರುತು, ನೀಲಿಗಟ್ಟಿದ ನಾಲ್ಕು ಗೆರೆ. ಸಂತರ ಜಾತ್ರೆಗಳಲ್ಲಿ ಹಚ್ಚೆಗಾರರು ಕುಳಿತಿರುವರು. ತಾಯಿತಂದೆಗಳು ಎಳೆಯ ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಚುಚ್ಚಿಸುವರು. ಇಲ್ಲಿ ಆರಿಸುವವರು ತಾಯಿತಂದೆಗಳು, ಹೊರುವುದು ಮಗು. ದೊಡ್ಡವನಾದ ಮೇಲೆ ಅವನು ಎಲ್ಲಿಗೆ ಹೋದರೂ ಕೈ ನೀಡಿದ ಕೂಡಲೆ ಅವನ ಮತವು ಪ್ರಕಟವಾಗುವುದು. ದೇವಾಲಯಗಳ ಮೇಲೆ ಆಕ್ರಮಣಗಳು ನಡೆದ ಇತ್ತೀಚಿನ ವರ್ಷಗಳಲ್ಲಿ ಬಾಗಿಲು ಕಾಯುವವರು ಮಣಿಕಟ್ಟನ್ನು ನೋಡಿ ಜನರನ್ನು ಒಳಗೆ ಬಿಡುತ್ತಿದ್ದುದುಂಟು. ಬಾಗಿಲನ್ನು ತೆರೆಯಿಸುವ ಗುರುತೇ ಬೀದ್ಧಿಯಲ್ಲಿ ಶತ್ರುವಿಗೂ ಗುರುತು ಎಂಬುದನ್ನು ಬಲ್ಲವರೇ ಅದನ್ನು ಮಕ್ಕಳಿಗೆ ಚುಚ್ಚಿಸುತ್ತಾರೆ.

1836ರಲ್ಲಿ ಪ್ರಕಟವಾದ ಎಡ್ವರ್ಡ್ ಲೇನನ ಗ್ರಂಥದಲ್ಲಿ ಈಜಿಪ್ಟಿನ ಹಳ್ಳಿಯ ಹೆಂಗಸರ ಹಚ್ಚೆಯ ವರ್ಣನೆಯಿದೆ. ಚುಚ್ಚುವವರು ಅಲೆಮಾರಿ ಹೆಂಗಸರು. ಏಳು ಸೂಜಿಗಳ ಕಟ್ಟು. ಹೊಗೆಯ ಕಾಡಿಗೆಯನ್ನು ಎದೆಹಾಲಿನಲ್ಲಿ ಕಲಸಿದ ಮಸಿ. ಇದನ್ನು ಓದುವ ಕನ್ನಡಿಗನಿಗೆ ಬುಟ್ಟಿಯನ್ನು ಹೊತ್ತು ಊರೂರಿಗೆ ಬರುತ್ತಿದ್ದ ಕೊರವಂಜಿಯ ನೆನಪಾಗದಿರದು. ಮದುವೆಗೆ ಮುಂಚೆ ಹೆಣ್ಣುಮಕ್ಕಳ ಮುಂಗೈಗೆ ಹಚ್ಚೆ ಚುಚ್ಚಿಸಿ, ಒಡವೆವಸ್ತುಗಳು ಇಲ್ಲಿಯೇ ಉಳಿಯುತ್ತವೆ, ಸತ್ತಾಗ ಸಂಗಡ ಬರುವುದು ಇದೊಂದೇ ಎಂದು ಹೇಳುತ್ತಿದ್ದ ಮುದುಕಿಯರು ಯಾವ ಊರಿನಲ್ಲಿ ಇರಲಿಲ್ಲ?

ಬಾಸ್ನಿಯ ದೇಶದ ಕ್ಯಾಥೊಲಿಕ್ ಹೆಂಗಸರಲ್ಲಿಯೂ ಹೀಗೆಯೇ. 1463ರಲ್ಲಿ ಆ ದೇಶವು ಆಟೊಮನ್ ಸುಲ್ತಾನರ ವಶವಾಯಿತು. ಅಲ್ಲಿಯ ಹೆಂಗಸರು ಬೆರಳುಗಳಿಂದ ಮೊಣಕೈಯವರೆಗೂ, ಕೆಲವರು ಎದೆಯ ಮೇಲೆಯೂ, ಶಿಲುಬೆಗಳನ್ನು ಚುಚ್ಚಿಸಿಕೊಳ್ಳುತ್ತಿದ್ದರು. ಮಾರ್ಚ್ 19ರ ಸಂತ ಯೋಸೇಫನ ಹಬ್ಬ, ಜೂನ್ 24ರ ಸಂತ ಯೋಹಾನನ ಹಬ್ಬ ಮೊದಲಾದ ಪರ್ವದಿನಗಳು ಇದಕ್ಕೆ ಪ್ರಶಸ್ತ. ಮಸಿಗೆ ಬೇಕಾದುದು ಮರದ ಅಂಟಿನ ಕಾಡಿಗೆ, ಜೇನುತುಪ್ಪ, ಮೊಲೆವಾಲು. ಶಿಲುಬೆಯ ತುದಿಗಳಲ್ಲಿ ಮರದ ಕೊಂಬೆಗಳಂತೆ ಕವಲುಗಳು, ಸುತ್ತಲೂ ವೃತ್ತಗಳು, ಗೋಧಿಯ ತೆನೆ, ಬಳೆಯಂತಹ ಪಟ್ಟಿ. ಹುಡುಗಿಯರನ್ನು ಹೊತ್ತುಕೊಂಡು ಹೋಗಿ ಮತಾಂತರ ಮಾಡದಿರಲೆಂದು ತಾಯಂದಿರು ಇದನ್ನು ಚುಚ್ಚಿಸಿದರೆಂಬುದು ಅಲ್ಲಿಯ ಜನರ ಹೇಳಿಕೆ. ಚೀರೋ ಟ್ರುಹೆಲ್ಕ ಎಂಬ ಪುರಾತತ್ತ್ವಜ್ಞನು 1896ರಲ್ಲಿ ಇದನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿ ಇದರ ಮೂಲವನ್ನು ಆಟೊಮನ್ ಕಾಲದ ಮತಸಂಘರ್ಷದಲ್ಲಿಯೇ ಹುಡುಕಿದನು. ಆದರೆ ಅದೇ ಆಳ್ವಿಕೆಗೆ ಒಳಪಟ್ಟಿದ್ದ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಈ ರೂಢಿಯು ವಿರಳವೇಕೆ? ಆ ಪ್ರಾಂತದ ಯಾಪೊಡರೆಂಬ ಜನರು ಮೈಮೇಲೆ ಚಿತ್ರಗಳನ್ನು ಚುಚ್ಚಿಸಿಕೊಳ್ಳುವರೆಂದು ಸ್ಟ್ರಾಬೊ ಎಂಬ ಗ್ರೀಕ್ ಭೂಗೋಳಜ್ಞನು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿರುವನು. ವೃತ್ತವೂ ತೆನೆಯೂ ಕೊಂಬೆಯೂ ಶಿಲುಬೆಗಿಂತ ಹಳೆಯವಾಗಿರಬಹುದೆಂದು ಊಹಿಸುವುದು ನ್ಯಾಯವಾಗಿದೆ. ಹಳೆಯ ರೂಢಿಗೆ ಹೊಸ ಭಯವು ಹೊಸ ಅರ್ಥವನ್ನು ಕೊಟ್ಟಿತೆನ್ನಬೇಕು. ಎರಡನೆಯ ಮಹಾಯುದ್ಧದ ತರುವಾಯ ಕಮ್ಯೂನಿಸ್ಟ್ ಆಡಳಿತದಲ್ಲಿ ಆ ಪದ್ಧತಿಯು ಕ್ಷೀಣಿಸಿ ಮುದುಕಿಯರ ಕೈಗಳಲ್ಲಿ ಮಾತ್ರ ಉಳಿಯಿತು. ಈಚೆಗೆ ಅವರ ಮೊಮ್ಮಕ್ಕಳು, ದೂರದೇಶಗಳಲ್ಲಿ ನೆಲೆಸಿದವರು ಕೂಡ, ಅಜ್ಜಿಯ ಮುಂಗೈಯ ಚಿತ್ರವನ್ನೇ ತೋರಿಸಿ ಬರೆಸಿಕೊಳ್ಳುತ್ತಿರುವರು. ಇವರನ್ನು ಹೊತ್ತುಕೊಂಡು ಹೋಗುವವರು ಯಾರೂ ಇಲ್ಲ. ಇವರ ಶಿಲುಬೆಯಲ್ಲಿರುವುದು ಅಜ್ಜಿ.

ಯೆರೂಸಲೇಮಿನ ಅಂಗಡಿಗೆ ಅರಸುಮಕ್ಕಳೂ ಬಂದರು. 1862ರಲ್ಲಿ ವಿಕ್ಟೋರಿಯ ರಾಣಿಯ ಹಿರಿಯ ಮಗನಾದ ಎಡ್ವರ್ಡನು ಐದು ಶಿಲುಬೆಗಳನ್ನು ತೋಳಿಗೆ ಚುಚ್ಚಿಸಿಕೊಂಡನು. 1882ರಲ್ಲಿ ಅವನ ಮಕ್ಕಳು ಬಂದರು. ತಂದೆಗೆ ಹಚ್ಚೆ ಚುಚ್ಚಿದ ಅದೇ ಮುದುಕನು ತಮಗೂ ಚುಚ್ಚಿದನೆಂದು ಕಿರಿಯವನಾದ ಜಾರ್ಜನು ತಾಯಿಗೆ ಕಾಗದ ಬರೆದನು. ಈ ಜಾರ್ಜನೇ ಮುಂದೆ ಐದನೆಯ ಜಾರ್ಜ್ ಚಕ್ರವರ್ತಿಯಾಗಿ 1911ರಲ್ಲಿ ದೆಹಲಿಯ ದರ್ಬಾರನ್ನು ನಡೆಸಿದವನು. ಅವನ ತಲೆಯ ಮುದ್ರೆಯಿದ್ದ ರೂಪಾಯಿಗಳನ್ನು ಈ ದೇಶದ ಜನರು ಎಷ್ಟೋ ವರ್ಷ ಎಣಿಸಿದರು. ಅಂಗಿಯ ತೋಳಿನೊಳಗೆ ಯೆರೂಸಲೇಮಿನ ಮುದ್ರೆಯಿರುವುದು ಆ ರೂಪಾಯಿಯಲ್ಲಿ ಕಾಣುತ್ತಿರಲಿಲ್ಲ.

ಈ ಕಸಬನ್ನು ಇಂದಿಗೂ ನಡೆಸುತ್ತಿರುವವರು ಈಜಿಪ್ಟಿನಿಂದ ಬಂದು ಯೆರೂಸಲೇಮಿನಲ್ಲಿ ನೆಲೆಸಿದ ರಜ್ಜೂಕ್ ಎಂಬ ಕಾಪ್ಟ್ ಮನೆತನದವರು. ತಮ್ಮ ವಂಶದ ಕಸಬಿಗೆ ಏಳು ನೂರು ವರ್ಷಗಳೆಂದು ಅವರು ಹೇಳಿಕೊಳ್ಳುವರು. ಕಳೆದ ಶತಮಾನದಲ್ಲಿ ಆ ಮನೆಯ ಯಾಕೂಬನೆಂಬವನು ಶವಪೆಟ್ಟಿಗೆಗಳನ್ನು ಮಾಡುವ ಬಡಗಿಯೂ ಆಗಿದ್ದನು; ಮೋಟಾರು ಗಾಡಿಯ ಬ್ಯಾಟರಿಯಿಂದ ನಡೆಯುವ ವಿದ್ಯುತ್ ಸೂಜಿಯನ್ನು ಆ ನಾಡಿನಲ್ಲಿ ಮೊದಲು ಹಿಡಿದವನು ಅವನೇ ಎಂದು ಹೇಳುವರು. ಯೆರಿಕೋವಿನ ಉತ್ಖನನದಲ್ಲಿ ಚಿತ್ರಕಾರನಾಗಿದ್ದ ಜಾನ್ ಕಾರ್ಸ್‌ವೆಲ್ಲನು ಅವನ ಬಳಿಯಿದ್ದ ಮರದ ಅಚ್ಚುಗಳನ್ನೆಲ್ಲ ಕಾಗದಕ್ಕೆ ಒತ್ತಿ, ಅವುಗಳ ವಿವರಣೆಯೊಡನೆ 1950ರ ದಶಕದಲ್ಲಿ ಒಂದು ಪುಸ್ತಕವನ್ನು ಹೊರಡಿಸಿದನು. ಅವುಗಳಲ್ಲಿ ಒಂದರ ಮೇಲೆ 1749 ಎಂಬ ಇಸವಿಯನ್ನು ಕೆತ್ತಿದೆ. ಈಗಿನ ಅಂಗಡಿಯಲ್ಲಿ ಮಸಿಯೂ ಸೂಜಿಯೂ ಹೊಸವು; ಯಾತ್ರಿಕರು ಕಾಗದದ ಚಿತ್ರಗಳಿಂದಲೂ ಆರಿಸುವರು. ಆದರೆ ಕೇಳಿದವರಿಗೆ ಹಳೆಯ ಅಚ್ಚನ್ನು ಮಸಿಯಲ್ಲಿ ಅದ್ದಿ ತೋಳಿಗೆ ಒತ್ತುವುದು ತಪ್ಪಿಲ್ಲ. ಹಿಂದೊಮ್ಮೆ ಬಂದುಹೋದವರು ಮತ್ತೆ ಬಂದರೆ ಹೊಸ ಶಿಲುಬೆಯನ್ನು ಬರೆಸಬೇಕಾದುದಿಲ್ಲ. ಹಳೆಯದರ ಕೆಳಗೆ ಆ ವರ್ಷದ ಇಸವಿಯನ್ನು ಸೇರಿಸಿದರಾಯಿತು.